ಮೈ ಬದಲಾಗುವ ವಯಸ್ಸಿಗೆ ಯಾವ ಪುಸ್ತಕ?

ಎಂಟರಿಂದ ಹದಿಮೂರು ವರ್ಷದ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಲೈಂಗಿಕ ಶಿಕ್ಷಣದ ಪುಸ್ತಕ ಆರಿಸುವುದು ಹೇಗೆಂದು ಮೈಸೂರು, ಮಂಡ್ಯ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಮಕ್ಕಳ ವೈದ್ಯರು, ಆಪ್ತಸಮಾಲೋಚಕರು, ಗ್ರಂಥಪಾಲಕರು ಕೂಡಿ ಉತ್ತರ ಬರೆದಿದ್ದಾರೆ. ಪತ್ರ ಬರೆದವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇವೆ. ಕೊಳ್ಳಬೇಕಾದ ಪುಸ್ತಕಗಳ ಪಟ್ಟಿಯನ್ನೂ ಕೊಟ್ಟಿಲ್ಲ. ಕನ್ನಡದಲ್ಲಿ ಇಂಥ ಪುಸ್ತಕ ಒಂದು ಮುದ್ರಣ ಮುಗಿದರೆ ಮತ್ತೆ ಕೈಗೆ ಸಿಗುವುದು ಕಷ್ಟ. ಸಿಕ್ಕಿದ್ದನ್ನು ಅಳೆಯುವುದು ಹೇಗೆ ಎಂಬುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಗನಿಗೆ ಹನ್ನೊಂದು ವರ್ಷ, ಮಗಳಿಗೆ ಒಂಬತ್ತೂವರೆ. ಸಯ್ಯಾಜಿರಾವ್ ರಸ್ತೆಯ ಅಂಗಡಿಯಲ್ಲಿ ನಾಲ್ಕು ಪುಸ್ತಕ ತೆಗೆದು ನೋಡಿದೆ, ಎಲ್ಲವೂ ಒಂದೇ ಥರ ಕಂಡವು. ನಿಂತು ಓದಲು ಮುಜುಗರ, ಹಾಗೇ ಬಂದುಬಿಟ್ಟೆ. ಏನನ್ನು ನೋಡಿ ಕೊಳ್ಳಬೇಕು? ಇಬ್ಬರಿಗೂ ಬೇರೆ ಬೇರೆ ಬೇಕೆ?
ತಾಯಿ, ಕುವೆಂಪುನಗರ, ಮೈಸೂರು

ಹದಿನೈದು ನಿಮಿಷ ಸಾಕು, ಪೂರ್ತಿ ಓದಬೇಕಿಲ್ಲ. ಮೊದಲು ಮುದ್ರಣದ ವಿವರ ಇರುವ ಪುಟ ತೆರೆಯಿರಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಅದಕ್ಕೂ ಹಿಂದೆ ಬರೆದ ಪುಸ್ತಕದಲ್ಲಿ ಆ ಕಾನೂನು ಇರಲು ಸಾಧ್ಯವೇ ಇಲ್ಲ, ಫೋನಿನ ಮಾತಂತೂ ಇರುವುದಿಲ್ಲ. ‘ಮರುಮುದ್ರಣ 2021’ ಎಂದಿದ್ದರೆ ಹಳೆಯದನ್ನೇ ಮತ್ತೆ ಅಚ್ಚು ಹಾಕಿದ್ದಾರೆ ಎಂದರ್ಥ. ‘ಪರಿಷ್ಕೃತ ಆವೃತ್ತಿ’ ಎಂದಿದ್ದರೆ ಒಳಗೆ ಏನೋ ತಿದ್ದಿದ್ದಾರೆ. ಈ ಎರಡು ಪದಗಳ ವ್ಯತ್ಯಾಸ ಗಮನಿಸದೆ ಮೂವತ್ತು ವರ್ಷದ ಹಿಂದಿನ ಪುಸ್ತಕವನ್ನು ಹೊಸ ಬೆಲೆಗೆ ಕೊಂಡುಕೊಳ್ಳುವವರು ಬಹಳ ಜನ.

ಆಮೇಲೆ ಮೂರು ಕಡೆ ಮಾತ್ರ ನೋಡಿ. ಪುಸ್ತಕ ಬರೆದವರು ಸಾಮಾನ್ಯವಾಗಿ ತಡವರಿಸುವುದು ಆ ಮೂರು ಕಡೆಯೇ.

ಒಂದು, ಹೆಣ್ಣಿನ ಅಂಗಗಳ ಚಿತ್ರ. ಎರಡು ಕೊಂಬಿನ ಹಾಗೆ ಕಾಣುವ ಗರ್ಭಕೋಶದ ಒಳಚಿತ್ರ ಎಲ್ಲ ಪುಸ್ತಕದಲ್ಲೂ ಇರುತ್ತದೆ. ಆದರೆ ಹುಡುಗಿ ಸ್ನಾನದ ಮನೆಯಲ್ಲಿ ಕಾಣುವುದು ಹೊರಭಾಗವನ್ನು. ಅಲ್ಲಿ ಮೂತ್ರದ ದ್ವಾರ, ಯೋನಿದ್ವಾರ, ಗುದದ್ವಾರ ಎಂದು ಮೂರು ಬೇರೆ ಬೇರೆ ದ್ವಾರಗಳಿವೆ ಎಂದು ಗೆರೆ ಎಳೆದು ತೋರಿಸದ ಪುಸ್ತಕ ಅರ್ಧ ಪುಸ್ತಕ. ಮುಟ್ಟಿನ ರಕ್ತ ಮೂತ್ರದ ಜಾಗದಿಂದಲೇ ಬರುತ್ತದೆ ಎಂದು ನಂಬಿರುವ ದೊಡ್ಡವರೂ ಇರುವುದು ಈ ಅರ್ಧ ಚಿತ್ರಗಳಿಂದಲೇ.

ಎರಡು, ವೀರ್ಯಾಣು ಅಂಡಾಣುವನ್ನು ಸೇರುವ ಪುಟ. ಬಹಳಷ್ಟು ಪುಸ್ತಕಗಳಲ್ಲಿ ವೀರ್ಯಾಣು ಎಲ್ಲಿ ಹುಟ್ಟುತ್ತದೆ ಎಂಬುದಿದೆ, ಅಂಡಾಣು ಎಲ್ಲಿ ಬಿಡುಗಡೆಯಾಗುತ್ತದೆ ಎಂಬುದಿದೆ, ನಡುವೆ ಒಂದು ವಾಕ್ಯ ಕಾಣೆ. ‘ಮದುವೆಯಾದ ಮೇಲೆ ದೇವರ ದಯೆಯಿಂದ ಮಗು’ ಎಂದು ಹಾರಿಬಿಟ್ಟಿರುತ್ತಾರೆ. ಹನ್ನೊಂದರ ಹುಡುಗ ಆ ತೂತನ್ನು ಕೂಡಲೇ ಪತ್ತೆ ಹಚ್ಚುತ್ತಾನೆ, ಉತ್ತರಕ್ಕೆ ಗೆಳೆಯನ ಫೋನ್ ಹುಡುಕುತ್ತಾನೆ. ದೊಡ್ಡವರಾದ ಗಂಡು ಹೆಣ್ಣು ಇಬ್ಬರೂ ಒಪ್ಪಿ ಕೂಡಿದಾಗ ಶಿಶ್ನ ಯೋನಿಯೊಳಗೆ ಸೇರಿ ವೀರ್ಯ ಅಲ್ಲಿಗೆ ಬರುತ್ತದೆ ಎಂಬ ಒಂದು ನೇರ ವಾಕ್ಯ ಇದ್ದರೆ ಸಾಕು, ವರ್ಣನೆ ಬೇಡ. ಅದೇ ಪುಟದಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಲ್ಲಿರುವ ಎಕ್ಸ್ ಅಥವಾ ವೈ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ ಎಂದಿದೆಯೇ ನೋಡಿ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾದ ಮೇಲೆ ಈ ಸೀಮೆಯ ಮಕ್ಕಳ ಪುಸ್ತಕದಲ್ಲಿ ಆ ವಾಕ್ಯ ಇಲ್ಲದಿದ್ದರೆ ಹೇಗೆ?

ಮೂರು, ಹಸ್ತಮೈಥುನದ ಪುಟ. ನಿಶ್ಶಕ್ತಿ, ಕಣ್ಣು ಮಂಜಾಗುವುದು, ನೆನಪಿನ ಶಕ್ತಿ ಕುಂದುವುದು, ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಎಂಬ ಲೆಕ್ಕ, ಇವುಗಳಲ್ಲಿ ಒಂದು ಕಂಡರೂ ಪುಸ್ತಕವನ್ನು ಮರಳಿ ಅದರ ಜಾಗಕ್ಕಿಡಿ. ಇವು ಯಾವುದೂ ನಿಜವಲ್ಲ. ವೀರ್ಯ ಹೋಗಿ ಮೈ ಸೊರಗಿತು ಎಂಬ ಭಯವೇ ಕಾಯಿಲೆಯಾಗಿ ಕಾಡುವುದಕ್ಕೆ ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲಿ ‘ಧಾತು ಸಿಂಡ್ರೋಮ್’ ಎಂದು ಹೆಸರಿಟ್ಟರು. ರೋಗವಿರುವುದು ನಂಬಿಕೆಯಲ್ಲಿ, ವೀರ್ಯದಲ್ಲಲ್ಲ. ಈ ಒಂದು ಪುಟದಲ್ಲಿ ಸುಳ್ಳು ಬರೆದವರು ಉಳಿದ ಪುಟಗಳಲ್ಲಿ ಎಷ್ಟು ನಂಬಿಕಸ್ಥರು ಎಂದು ನೀವೇ ಯೋಚಿಸಿ.

ಕೊನೆಗೆ ಒಂದು ಪ್ಯಾರಾ ತುಟಿ ಆಡಿಸುತ್ತಾ ಓದಿ ನೋಡಿ. ‘ದ್ವಿತೀಯಕ ಲೈಂಗಿಕ ಲಕ್ಷಣಗಳು ಪ್ರಕಟಗೊಳ್ಳಲಾರಂಭಿಸುತ್ತವೆ’ ಎಂಬ ಭಾಷೆ ಪರೀಕ್ಷೆ ಬರೆಯುವವರಿಗೆ. ‘ಮೊದಲು ಒಂದು ಕಡೆಯ ಮೊಲೆತೊಟ್ಟಿನ ಕೆಳಗೆ ಗೋಲಿಯಷ್ಟು ಗಟ್ಟಿ ಗಂಟು ಸಿಗುತ್ತದೆ, ಮುಟ್ಟಿದರೆ ನೋಯುತ್ತದೆ, ಇನ್ನೊಂದು ಕಡೆ ಬರಲು ಕೆಲವು ತಿಂಗಳು ಹಿಡಿಯಬಹುದು’ ಎಂದಿದ್ದರೆ ಮಗುವಿಗೆ ತನ್ನ ಮೈಯ ವಿಷಯ ಎಂದು ಗೊತ್ತಾಗುತ್ತದೆ. ಶಿಶ್ನ, ವೃಷಣ, ಯೋನಿ ಎಂಬ ಪಠ್ಯದ ಪದಗಳು ಇರಲೇಬೇಕು. ವೈದ್ಯರ ಹತ್ತಿರವೂ ಪೊಲೀಸರ ಹತ್ತಿರವೂ ಹೇಳಲು ಬೇಕಾಗುವುದು ಅವೇ. ಜತೆಗೆ ಮನೆಯಲ್ಲಿ ಆಡುವ ಪದವನ್ನೂ ಕೊಟ್ಟಿರುವ ಪುಸ್ತಕ ಇನ್ನೂ ಒಳ್ಳೆಯದು.

ಇಬ್ಬರಿಗೂ ಬೇರೆ ಬೇರೆ ಬೇಡ. ಗಂಡು ಹೆಣ್ಣು ಎರಡರ ಮೈಯನ್ನೂ ವಿವರಿಸುವ ಒಂದು ಪುಸ್ತಕವನ್ನು ಇಬ್ಬರೂ ಓದಲಿ. ಅದರ ಮೇಲೆ ಮಗಳಿಗೆ ಮುಟ್ಟಿನ ನಿರ್ವಹಣೆ ಕುರಿತ ತೆಳುವಾದ ಕೈಪಿಡಿಯೊಂದು ಸಾಕು. ಅಣ್ಣ ದೊಡ್ಡವನು, ಅವನಿಗೆ ಮೊದಲು ಎಂದುಕೊಂಡಿದ್ದರೆ ಲೆಕ್ಕ ತಿರುಗಿಸಿ. ಹೆಣ್ಣುಮಕ್ಕಳಲ್ಲಿ ಬದಲಾವಣೆ 8ರಿಂದ 13ರ ನಡುವೆ ಶುರುವಾಗುತ್ತದೆ, ಗಂಡುಮಕ್ಕಳಲ್ಲಿ 9ರಿಂದ 14ರ ನಡುವೆ. ನಿಮ್ಮ ಮನೆಯಲ್ಲಿ ಪುಸ್ತಕ ಮೊದಲು ಬೇಕಾಗುವುದು ತಂಗಿಗೇ ಇರಬಹುದು.

ನನ್ನ ಮಗನಿಗೆ ಹನ್ನೆರಡು. ಎಲ್ಲ ಪುಸ್ತಕದಲ್ಲೂ ಬರೀ ಮುಟ್ಟು, ಪ್ಯಾಡು. ಹುಡುಗರಿಗೆ ಅರ್ಧ ಪುಟ ಬರೆದು ಕೈ ತೊಳೆದುಕೊಂಡಿದ್ದಾರೆ. ಹುಡುಗರಿಗೆ ಹೇಳುವುದು ಅಷ್ಟೇ ಏನು?
ತಂದೆ, ಮದ್ದೂರು

ನಿಮ್ಮ ದೂರು ಸರಿ. ‘ಮೀಸೆ ಬರುತ್ತದೆ, ದನಿ ಒಡೆಯುತ್ತದೆ’ ಎಂಬಲ್ಲಿಗೆ ಹುಡುಗರ ಅಧ್ಯಾಯ ಮುಗಿಯುವ ಪುಸ್ತಕಗಳೇ ಹೆಚ್ಚು. ಹುಡುಗ ಬಾಯಿಬಿಟ್ಟು ಕೇಳದ ಪ್ರಶ್ನೆಗಳು ಬೇರೆ. ಅವು ಇವೆಯೇ ಎಂದು ಹುಡುಕಿ.

ಬದಲಾವಣೆಯ ಮೊದಲ ಗುರುತು ಮೀಸೆಯಲ್ಲ, ವೃಷಣ ದೊಡ್ಡದಾಗುವುದು. ಒಂದು ವೃಷಣ ಇನ್ನೊಂದಕ್ಕಿಂತ ಸ್ವಲ್ಪ ಕೆಳಗೆ ಇಳಿಬಿದ್ದಿರುವುದು ಸಹಜ. ನಿದ್ದೆಯಲ್ಲಿ ವೀರ್ಯ ಹೋಗಿ ಚಡ್ಡಿ ಒದ್ದೆಯಾಗುವುದು ಸಹಜ. ಅದನ್ನು ಹಾಸಿಗೆಯಲ್ಲಿ ಉಚ್ಚೆ ಹೊಯ್ದದ್ದೆಂದು ತಿಳಿದು ಬೆಳಗಿನ ಜಾವ ಕದ್ದು ಬಟ್ಟೆ ಒಗೆಯುವ ಹುಡುಗರಿದ್ದಾರೆ. ಕಾರಣವೇ ಇಲ್ಲದೆ, ತರಗತಿಯಲ್ಲಿ ಕುಳಿತಿರುವಾಗಲೂ ಶಿಶ್ನ ನಿಗುರುವುದುಂಟು. ಇನ್ನು ಎದೆ. ಹದಿಹರೆಯದ ಎಷ್ಟೋ ಹುಡುಗರಿಗೆ ಮೊಲೆತೊಟ್ಟಿನ ಕೆಳಗೆ ಗಂಟು ಬಂದು ಎದೆ ಸ್ವಲ್ಪ ಉಬ್ಬುತ್ತದೆ. ಹಾರ್ಮೋನುಗಳ ಏರುಪೇರು ಅದಕ್ಕೆ ಕಾರಣ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಆದರೆ ಗೆಳೆಯರು ಗೇಲಿ ಮಾಡುತ್ತಾರೆಂದು ಅವನು ಆಟದ ಪೀರಿಯಡ್ಡಿಗೆ ಹೋಗುವುದನ್ನೇ ಬಿಟ್ಟಿರುತ್ತಾನೆ, ಮನೆಯವರಿಗೆ ಕಾರಣ ಗೊತ್ತಿರುವುದಿಲ್ಲ. ಪುಸ್ತಕದಲ್ಲಿ ಇದಕ್ಕೆ ನಾಲ್ಕು ಸಾಲಾದರೂ ಇರಬೇಕು.

ಒಂದು ಸಾಲನ್ನಂತೂ ನೀವೇ ಪೆನ್ನಿನಲ್ಲಿ ಬರೆದು ಸೇರಿಸಿದರೂ ಸರಿ: ವೃಷಣದಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದರೆ ನಾಚಿಕೆ ಬಿಟ್ಟು ಕೂಡಲೇ ಹೇಳಬೇಕು. ವೃಷಣ ತಿರುಚಿಕೊಂಡು ರಕ್ತದ ಓಟ ನಿಂತಿರಬಹುದು. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಕಡಿಮೆ. ಹೊಟ್ಟೆ ನೋವು ಎಂದು ಸುಳ್ಳು ಹೇಳಿ ರಾತ್ರಿಯೆಲ್ಲ ತಡೆದುಕೊಂಡು ಬೆಳಿಗ್ಗೆ ಬರುವ ಹುಡುಗರ ವೃಷಣವನ್ನು ಎಷ್ಟೋ ಸಲ ತೆಗೆದೇ ಹಾಕಬೇಕಾಗುತ್ತದೆ.

ಶುಚಿತ್ವದ ಪುಟದಲ್ಲಿ ಮುಂದೊಗಲನ್ನು ಬಲವಂತವಾಗಿ ಹಿಂದಕ್ಕೆ ಎಳೆಯಿರಿ ಎಂದಿದ್ದರೆ ತಪ್ಪು. ತಾನಾಗಿ ಹಿಂದೆ ಸರಿಯುವಷ್ಟು ಸರಿಸಿ, ಬರೀ ನೀರಿನಲ್ಲಿ ತೊಳೆದು, ಮತ್ತೆ ಮುಂದಕ್ಕೆ ತರಬೇಕು. ಮುಂದಕ್ಕೆ ತರುವುದನ್ನು ಮರೆತರೆ ಅದು ಬಿಗಿದುಕೊಂಡು ಊದುತ್ತದೆ, ಅದಕ್ಕೂ ಆಸ್ಪತ್ರೆಯೇ ಗತಿ.

ಮುಟ್ಟಿನ ಪುಟಗಳನ್ನು ಮಾತ್ರ ಹರಿದು ಹಾಕಬೇಡಿ. ತರಗತಿಯ ಹುಡುಗಿಯ ಲಂಗಕ್ಕೆ ಕಲೆಯಾದಾಗ ನಗುವವರ ಗುಂಪಿನಲ್ಲಿ ನಿಮ್ಮ ಮಗ ಸೇರದಿರಲು ಆ ಪುಟಗಳು ಬೇಕು.

ನಮ್ಮತ್ತೆಯವರ ಟ್ರಂಕಿನಲ್ಲಿ ಡಾ. ಅನುಪಮಾ ನಿರಂಜನ ಅವರ ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ ಸಿಕ್ಕವು. ವೈದ್ಯರೇ ಬರೆದದ್ದಲ್ಲವೇ, ಏಳನೇ ಕ್ಲಾಸಿನ ಮಗಳಿಗೆ ಕೊಡಬಹುದೇ?
ಗೃಹಿಣಿ, ಶ್ರೀರಂಗಪಟ್ಟಣ

ನೀವು ಓದಿ. ಕನ್ನಡದ ಹೆಣ್ಣುಮಕ್ಕಳಿಗೆ ತಮ್ಮ ಮೈಯ ಬಗ್ಗೆ ಕನ್ನಡದಲ್ಲೇ ಹೇಳುವ ಧೈರ್ಯ ಮಾಡಿದವರಲ್ಲಿ ಅವರು ಮುಂಚೂಣಿಯವರು. ಆದರೆ ಹೆಸರೇ ಹೇಳುವಂತೆ ಆ ಪುಸ್ತಕಗಳು ಮದುವೆಯ ಹೊಸಿಲಲ್ಲಿರುವವರಿಗೆ, ದಂಪತಿಗಳಿಗೆ. ಅವರು ತೀರಿಕೊಂಡದ್ದು 1991ರಲ್ಲಿ. ಇವತ್ತಿನ ಪ್ಯಾಡು, ಮುಟ್ಟಿನ ಕಪ್, ಫೋನು, ಕಾನೂನುಗಳನ್ನು ಅವುಗಳಲ್ಲಿ ಹುಡುಕುವುದು ನ್ಯಾಯವಲ್ಲ. ಹನ್ನೆರಡರ ಹುಡುಗಿಗೆ ಬೇಕಾದ್ದು ದಾಂಪತ್ಯದ ಮಾತಲ್ಲ, ಬರುವ ಆರು ತಿಂಗಳಲ್ಲಿ ತನ್ನ ಮೈಯಲ್ಲಿ ಏನಾಗುತ್ತದೆ ಎಂಬುದು.

ನಮ್ಮಣ್ಣನ ಮಗಳು ಇನ್ನೇನು ದೊಡ್ಡವಳಾಗುವ ವಯಸ್ಸು. ಒಸಗೆ ಮಾಡುವ ದಿನ ಸೀರೆ, ಬಳೆ ಜತೆ ಒಳ್ಳೆಯ ಪುಸ್ತಕವೊಂದನ್ನೂ ಉಡುಗೊರೆ ಕೊಡಬೇಕೆಂದಿದ್ದೇನೆ. ಯಾವುದು ಸೂಕ್ತ?
ಸೋದರತ್ತೆ, ಪಾಂಡವಪುರ

ಯೋಚನೆ ಚೆನ್ನಾಗಿದೆ, ದಿನ ಮಾತ್ರ ತಡವಾಯಿತು. ಒಸಗೆಯ ಹೊತ್ತಿಗೆ ಅವಳು ರಕ್ತ ನೋಡಿ ಹೆದರಿದ್ದೂ ಆಗಿರುತ್ತದೆ, ಚಿಗಳಿ ತಿಂದದ್ದೂ ಆಗಿರುತ್ತದೆ. ಎದೆಯ ಗಂಟು ಕಾಣಿಸಿಕೊಂಡ ಮೇಲೆ ಸಾಮಾನ್ಯವಾಗಿ ಎರಡರಿಂದ ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು ಬರುತ್ತದೆ. ಅದಕ್ಕೆ ಆರು ತಿಂಗಳಿಂದ ಒಂದು ವರ್ಷ ಮುಂಚೆ ಬಿಳಿ ಸೆರಗು ಕಾಣಿಸುತ್ತದೆ. ದುರ್ವಾಸನೆ, ಕೆರೆತ ಇಲ್ಲದಿದ್ದರೆ ಅದು ಕಾಯಿಲೆಯಲ್ಲ, ಮೈ ಕೊಡುವ ಮುನ್ಸೂಚನೆ. ಪುಸ್ತಕ ಕೊಡಬೇಕಾದದ್ದು ಆ ಎರಡು ವರ್ಷದ ಒಳಗೆ. ಈ ದಸರಾ ರಜೆಗೆ ಬಂದಾಗ ಅವಳ ಕೈಗಿಡಿ. ಮೈಸೂರಿನಲ್ಲಿ ದಸರಾ ಪುಸ್ತಕ ಮೇಳ ನಡೆದರೆ ಅಲ್ಲಿ ಬೇರೆ ಬೇರೆ ಪ್ರಕಾಶಕರ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು.

ಪುಸ್ತಕದಲ್ಲಿ ಅಂಕಿಗಳು ಇರಬೇಕು, ಬರೀ ‘ಸಹಜ, ಹೆದರಬೇಡ’ ಎಂದರೆ ಹೆದರಿಕೆ ಹೋಗುವುದಿಲ್ಲ. ಮುಟ್ಟು 2ರಿಂದ 7 ದಿನ. ಒಟ್ಟು ಹೋಗುವ ರಕ್ತ ಸುಮಾರು 30ರಿಂದ 40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು. ಹುಡುಗಿಯರು ಅದನ್ನು ಚೊಂಬಿನ ಲೆಕ್ಕದಲ್ಲಿ ಊಹಿಸಿಕೊಂಡಿರುತ್ತಾರೆ. ಹೊಸದಾಗಿ ಮುಟ್ಟಾದವರಲ್ಲಿ ಒಂದು ಮುಟ್ಟಿನಿಂದ ಇನ್ನೊಂದಕ್ಕೆ 21ರಿಂದ 45 ದಿನದ ಅಂತರ ಇರಬಹುದು, ಮೊದಲ ಎರಡು ವರ್ಷ ಲೆಕ್ಕ ತಪ್ಪುವುದು ಮಾಮೂಲು. ‘28 ದಿನಕ್ಕೊಮ್ಮೆ’ ಎಂದಷ್ಟೇ ಬರೆದ ಪುಸ್ತಕ 40ನೇ ದಿನಕ್ಕೆ ಹುಡುಗಿಯನ್ನೂ ಅವಳ ತಾಯಿಯನ್ನೂ ಅಳಿಸುತ್ತದೆ. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆ ಬಳಸುವುದಾದರೆ ಹತ್ತಿಯದು, ಸೋಪಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಿದ್ದು. ಬಚ್ಚಲ ಮೂಲೆಯಲ್ಲಿ ಇನ್ನೊಂದು ಬಟ್ಟೆಯ ಕೆಳಗೆ ಬಚ್ಚಿಟ್ಟು ಒಣಗಿಸಿದರೆ ತೇವ ಉಳಿದು ಸೋಂಕಾಗುತ್ತದೆ.

ವೈದ್ಯರನ್ನು ಕಾಣಬೇಕಾದ ಗುರುತುಗಳೂ ಅಚ್ಚಾಗಿರಲಿ: ಎಂಟು ತುಂಬುವ ಮೊದಲೇ ಎದೆ ಬೆಳೆದರೆ, ಹದಿಮೂರಾದರೂ ಬದಲಾವಣೆಯೇ ಶುರುವಾಗದಿದ್ದರೆ, ಹದಿನೈದಾದರೂ ಮುಟ್ಟಾಗದಿದ್ದರೆ, ಗಂಟೆಗೊಂದು ಪ್ಯಾಡು ನೆನೆದರೆ, ಏಳು ದಿನ ದಾಟಿದರೆ, ನೋವಿಗೆ ಶಾಲೆ ತಪ್ಪಿಸುವಂತಾದರೆ.

‘ಆ ದಿನಗಳಲ್ಲಿ ದೂರ ಕೂರಬೇಕು, ಉಪ್ಪಿನಕಾಯಿ ಮುಟ್ಟಬಾರದು’ ಎಂಬುದಕ್ಕೆ ವಿಜ್ಞಾನದ ಹೆಸರಿನಲ್ಲಿ ಕಾರಣ ಕೊಡುವ ಪುಸ್ತಕಗಳಿವೆ. ಮನೆಯ ಸಂಪ್ರದಾಯ ನಿಮಗೆ ಬಿಟ್ಟದ್ದು. ಆದರೆ ಮುಟ್ಟಿನ ರಕ್ತ ವಿಷ, ಕೆಟ್ಟ ರಕ್ತ ಎಂದು ಬರೆದದ್ದು ಸುಳ್ಳು. ಅದು ಗರ್ಭಕೋಶದ ಒಳಪದರ ಮತ್ತು ರಕ್ತ, ಬೇರೇನಲ್ಲ.

ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಆರು, ಏಳನೇ ತರಗತಿಗೆ ಇಂಥ ಪುಸ್ತಕ ಇಡಬೇಕೆಂದಿದ್ದೇನೆ. ಪೋಷಕರು ಗಲಾಟೆ ಮಾಡಿದರೆ ಎಂಬ ಅಳುಕು. ಪಠ್ಯದಲ್ಲಿ ಹೇಗೂ ಬರುತ್ತದಲ್ಲ, ಬೇಕೇ ಎಂದು ಸಹೋದ್ಯೋಗಿಗಳ ಮಾತು.
ಶಿಕ್ಷಕಿ, ಮಳವಳ್ಳಿ ತಾಲ್ಲೂಕು

ನಿಮ್ಮ ಅಳುಕಿಗೆ ಕಾರಣವಿದೆ. ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದು ಗದ್ದಲ ಎದ್ದದ್ದು ಮುಖ್ಯವಾಗಿ ಶಿಕ್ಷಕರಿಗೆ ಕೊಟ್ಟ ಸಾಮಗ್ರಿಯ ಚಿತ್ರಗಳ ಬಗ್ಗೆ. ಹಾಗಾಗಿ ನಿಮ್ಮ ಮೊದಲ ಕೆಲಸ ಮಕ್ಕಳಿಗೆ ಪುಸ್ತಕ ಕೊಡುವುದಲ್ಲ, ದೊಡ್ಡವರಿಗೆ ತೋರಿಸುವುದು.

ಪಠ್ಯದ ಮಾತಿಗೆ ಉತ್ತರ ಸರಳ. ಹದಿಹರೆಯದ ಅಧ್ಯಾಯ ಬಹುಕಾಲದಿಂದ ಇದ್ದದ್ದು ಎಂಟನೇ ತರಗತಿಯ ವಿಜ್ಞಾನದಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಹುಡುಗಿಯರು ಮುಟ್ಟಾಗಿ ಒಂದೆರಡು ವರ್ಷ ಕಳೆದಿರುತ್ತದೆ. ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ. ಆದರೂ ಆ ಅಧ್ಯಾಯ ನಿಮಗೆ ಒಳ್ಳೆಯ ಗುರಾಣಿ. ಸರ್ಕಾರವೇ ಅಚ್ಚು ಹಾಕಿಸಿದ ಪುಟಗಳನ್ನು ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಮೊದಲು ತೆರೆದು ತೋರಿಸಿ, ನೀವು ತಂದ ಪುಸ್ತಕವನ್ನು ಪಕ್ಕದಲ್ಲಿಡಿ.

ಕ್ರಮ ಹೀಗಿರಲಿ. ಒಂದೇ ಶೀರ್ಷಿಕೆಯ ಹತ್ತು ಪ್ರತಿಗಿಂತ ಮೂರು ಶೀರ್ಷಿಕೆಯ ಎರಡೆರಡು ಪ್ರತಿ ಮೇಲು. ಒಂದು ಚಿತ್ರ ಹೆಚ್ಚಿರುವುದು, ಒಂದು ಮುಟ್ಟಿನದು, ಒಂದು ಸುರಕ್ಷತೆಯದು. ಎರಡು ವಾರ ಮೊದಲೇ ಒಂದೊಂದು ಪ್ರತಿಯನ್ನು ಎಸ್‌ಡಿಎಂಸಿ ಸದಸ್ಯರ ಮನೆಗೆ ಕಳಿಸಿ, ಅದರಲ್ಲೂ ತಾಯಂದಿರಿಗೆ. ಸಭೆಗೆ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ದಾದಿಯನ್ನೋ ಕರೆಯಿರಿ, ಊರಿನವರು ಶಿಕ್ಷಕರಿಗಿಂತ ಅವರ ಮಾತಿಗೆ ಬೇಗ ತಲೆದೂಗುತ್ತಾರೆ. ಒಪ್ಪಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿ. ಗಲಾಟೆ ಏಳುವುದು ಹೆಚ್ಚಾಗಿ ಪುಸ್ತಕದಿಂದಲ್ಲ, ‘ನಮಗೆ ಗೊತ್ತೇ ಇರಲಿಲ್ಲ’ ಎಂಬುದರಿಂದ.

ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ಬೀಗ ಹಾಕಿದ್ದನ್ನು ಕೇಳಿ ಪಡೆಯಲು ಯಾವ ಮಗುವೂ ಬರುವುದಿಲ್ಲ. ಸಸ್ಯ, ಪ್ರಾಣಿ, ಆರೋಗ್ಯದ ಪುಸ್ತಕಗಳ ನಡುವೆಯೇ ಇರಲಿ, ಕಂದು ಬೈಂಡು ಹಾಕಿದರೆ ಮಕ್ಕಳು ಸಂಕೋಚವಿಲ್ಲದೆ ಎತ್ತಿಕೊಳ್ಳುತ್ತಾರೆ.

ಪ್ರಶ್ನೆಪೆಟ್ಟಿಗೆ ಇಟ್ಟರೆ ಎಲ್ಲರೂ ಚೀಟಿ ಹಾಕುವಂತೆ ಮಾಡಿ, ಕೇಳಲು ಏನೂ ಇಲ್ಲದವರು ಖಾಲಿ ಚೀಟಿ ಹಾಕಲಿ. ಆಗ ಬರೆದವರು ಯಾರೆಂದು ಗೊತ್ತಾಗುವುದಿಲ್ಲ. ಮೈಯ ಪಾಠ ಹುಡುಗ ಹುಡುಗಿಯರಿಗೆ ಒಟ್ಟಿಗೇ ಇರಲಿ, ಪ್ರಶ್ನೆಗಳಿಗೆ ಉತ್ತರ ಬೇರೆ ಬೇರೆಯಾಗಿ. ಒಂದು ಎಚ್ಚರಿಕೆ ಉಂಟು. ಪುಸ್ತಕ ಓದಿದ ಮೇಲೆ ‘ನನಗೂ ಹೀಗೆ ಮಾಡಿದರು’ ಎಂದು ಮಗುವೊಂದು ಹೇಳಬಹುದು. ಆಗ ಮುಚ್ಚಿಡುವ ಆಯ್ಕೆ ನಿಮಗಿಲ್ಲ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೇ ಸೆಕ್ಷನ್ನಿನಡಿ ಶಿಕ್ಷೆಯಿದೆ, ಸಂಸ್ಥೆಯ ಮುಖ್ಯಸ್ಥರಿಗೆ ಇನ್ನೂ ಹೆಚ್ಚು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೂ ಮುಂದಿನ ದಾರಿ ಹೇಳುತ್ತಾರೆ. ಮಗುವನ್ನು ಕೂರಿಸಿಕೊಂಡು ತನಿಖೆ ಮಾಡಬೇಡಿ, ‘ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ’ ಎಂದಷ್ಟೇ ಹೇಳಿ ಅದು ಆಡಿದ ಮಾತನ್ನು ಅದೇ ಪದಗಳಲ್ಲಿ ಬರೆದಿಟ್ಟುಕೊಳ್ಳಿ.

ಹಣದ ಅಡಚಣೆಯಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ವಿಚಾರಿಸಿ, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಪಟ್ಟಣದ ದೊಡ್ಡ ಗ್ರಂಥಾಲಯಕ್ಕೆ ಹೋದವರು ‘ಲೈಂಗಿಕ ಶಿಕ್ಷಣದ ಪುಸ್ತಕ ಎಲ್ಲಿದೆ’ ಎಂದು ಕೌಂಟರಿನಲ್ಲಿ ಕೇಳಲು ಸಂಕೋಚವಾದರೆ ಅಂಕಿ ಹಿಡಿದು ಹುಡುಕಬಹುದು. ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣ ಬಳಸುವ ಕಡೆ 612.6ರಲ್ಲಿ ಸಂತಾನೋತ್ಪತ್ತಿ ಮತ್ತು ಬೆಳವಣಿಗೆ, 613.9ರಲ್ಲಿ ಲೈಂಗಿಕ ಆರೋಗ್ಯ, 649ರಲ್ಲಿ ಮಕ್ಕಳ ಪಾಲನೆಯ ಪುಸ್ತಕಗಳು ಇರುತ್ತವೆ. ಪುಸ್ತಕದಿಂದ ಬಗೆಹರಿಯದ ಅನುಮಾನಕ್ಕೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. 10ರಿಂದ 19 ವರ್ಷದವರು ಹೋಗಬಹುದು.

ಮಗಳು ಇಂಗ್ಲಿಷ್ ಮಾಧ್ಯಮ. ಅಮೆರಿಕದಿಂದ ಬಂದ ನಾದಿನಿ ಅಲ್ಲಿನ ಪುಸ್ತಕ ತಂದುಕೊಟ್ಟಿದ್ದಾರೆ. ಚಿತ್ರ, ಕಾಗದ ಎಲ್ಲ ಅಚ್ಚುಕಟ್ಟು. ಅದನ್ನೇ ಕೊಟ್ಟರಾಯಿತೇ?
ತಾಯಿ, ವಿಜಯನಗರ, ಮೈಸೂರು

ಕೊಡಬಹುದು, ನಾಲ್ಕು ಕಡೆ ಪೆನ್ಸಿಲ್ ಗುರುತು ಹಾಕಿ. ಕಾನೂನು ಬೇರೆ: ಇಲ್ಲಿ 18 ತುಂಬದವರೆಲ್ಲ ಕಾನೂನಿನ ಕಣ್ಣಿಗೆ ಮಕ್ಕಳು, ಅವರು ಒಪ್ಪಿದ್ದರು ಎಂಬ ಮಾತು ನಡೆಯುವುದಿಲ್ಲ. ಅಲ್ಲಿ ಆ ವಯಸ್ಸು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸಹಾಯವಾಣಿಯ ಸಂಖ್ಯೆಗಳು ಇಲ್ಲಿ ಕೆಲಸ ಮಾಡುವುದಿಲ್ಲ, ಆ ಪುಟದಲ್ಲಿ 1098 ಬರೆದಿಡಿ. ಮುಟ್ಟಿನ ಪುಟದಲ್ಲಿ ಯೋನಿಯೊಳಗೆ ಇಡುವ ಟ್ಯಾಂಪನ್ನಿಗೆ ಬಹಳ ಜಾಗ ಕೊಟ್ಟಿರುತ್ತಾರೆ, ಶಾಲೆಯ ಶೌಚಾಲಯದಲ್ಲಿ ನೀರಿಲ್ಲದಾಗ, ಕಸದ ಬುಟ್ಟಿ ಇಲ್ಲದಾಗ ಏನು ಮಾಡಬೇಕೆಂದು ಹೇಳಿರುವುದಿಲ್ಲ. ಹುಡುಗರ ಚಿತ್ರಗಳಲ್ಲಿ ಮುಂದೊಗಲು ತೆಗೆದಿರುವುದೇ ಹೆಚ್ಚು, ಅಲ್ಲಿ ಅದು ವ್ಯಾಪಕ ರೂಢಿ. ಅದನ್ನು ನೋಡಿ ತನ್ನದರಲ್ಲೇ ಏನೋ ಐಬು ಎಂದುಕೊಳ್ಳುವ ಹುಡುಗ ಇಲ್ಲಿರಬಹುದು. ಇಲ್ಲಿ ಮುಂದೊಗಲು ತೆಗೆಸಿದ ಹುಡುಗರೂ ಇದ್ದಾರೆ, ತೆಗೆಸದವರೂ ಇದ್ದಾರೆ. ಎರಡನ್ನೂ ತೋರಿಸುವ ಪುಸ್ತಕ ಒಳ್ಳೆಯದು.

ಸಲಿಂಗ ಪ್ರೀತಿಯ ಪುಟವನ್ನು ಕತ್ತರಿಸಬೇಕೇ ಎಂದು ಇನ್ನೂ ಕೆಲವರು ಕೇಳಿದ್ದಾರೆ. ಬೇಡ. ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಕತ್ತರಿಸಿದ ಪುಟವನ್ನೇ ಮಕ್ಕಳು ಮೊದಲು ಹುಡುಕುವುದು.

ಇದನ್ನೆಲ್ಲ ಓದಿದರೆ ಮಕ್ಕಳು ಬೇಗ ಕೆಡುವುದಿಲ್ಲವೇ?
ಅಜ್ಜ, ನಂಜನಗೂಡು

ಇಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಯುನೆಸ್ಕೊ 2018ರ ತನ್ನ ಮಾರ್ಗದರ್ಶಿಯಲ್ಲಿ, ಇಂಥ ಶಿಕ್ಷಣದಿಂದ ಮಕ್ಕಳು ಬೇಗ ಲೈಂಗಿಕ ಕ್ರಿಯೆಗೆ ಇಳಿಯುವುದಿಲ್ಲ ಎಂದಿದೆ. ತಾವೇ ಓದಿ ನೋಡಿ, ಅಜ್ಜನವರೇ. ಪುಸ್ತಕದ ಮುಕ್ಕಾಲು ಭಾಗ ಸ್ನಾನ, ಬೆವರು, ಮೊಡವೆ, ಊಟ, ನಿದ್ದೆಯ ಮಾತೇ ಇರುತ್ತದೆ.

ಹನ್ನೊಂದರ ಮಗ ಫೋನಿನಲ್ಲಿ ಕೆಟ್ಟ ವಿಡಿಯೊ ನೋಡಿದ್ದು ಗೊತ್ತಾಯಿತು. ಈಗ ಪುಸ್ತಕ ಕೊಟ್ಟು ಪ್ರಯೋಜನವಿದೆಯೇ?
ತಂದೆ, ಮಂಡ್ಯ

ಈಗಲೇ ಹೆಚ್ಚು ಪ್ರಯೋಜನ. ಅವನು ನೋಡಿರುವುದು ದುಡ್ಡಿಗಾಗಿ ನಟಿಸಿದ್ದು. ಅಲ್ಲಿನ ಮೈಗಳು, ಕಾಲಾವಧಿ, ಹೆಣ್ಣನ್ನು ನಡೆಸಿಕೊಳ್ಳುವ ರೀತಿ ಯಾವುದೂ ನಿಜದ್ದಲ್ಲ. ಇದನ್ನು ನೇರವಾಗಿ ಹೇಳುವ ಒಂದು ಅಧ್ಯಾಯ ಪುಸ್ತಕದಲ್ಲಿ ಇರಬೇಕು, 2015ಕ್ಕಿಂತ ಹಳೆಯವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಫೋನ್ ಕಸಿದು ಹೊಡೆದ ದಿನವೇ ಪುಸ್ತಕ ಕೊಟ್ಟರೆ ಅದೂ ಶಿಕ್ಷೆಯ ಪಾಲಾಗುತ್ತದೆ, ಒಂದು ವಾರ ತಡೆಯಿರಿ. ಹದಿನೆಂಟರೊಳಗಿನವರ ಬೆತ್ತಲೆ ಚಿತ್ರವನ್ನು ಇಟ್ಟುಕೊಳ್ಳುವುದೂ ಕಳಿಸುವುದೂ ಅಪರಾಧ ಎಂಬುದನ್ನು ಅವನಿಗೆ ಹೇಳಿ. ತಮಾಷೆಗೆ ಫಾರ್ವರ್ಡ್ ಮಾಡಿದೆ ಎಂದರೆ ಕಾನೂನು ನಗುವುದಿಲ್ಲ. ಯಾರಾದರೂ ಚಿತ್ರ ಇಟ್ಟುಕೊಂಡು ಹೆದರಿಸಿದರೆ ಅವನು ಮೊದಲು ಓಡಿ ಬರಬೇಕಾದದ್ದು ನಿಮ್ಮ ಹತ್ತಿರ, ಹೊಡೆತ ಬೀಳುವುದಿಲ್ಲ ಎಂಬ ಭರವಸೆ ಇದ್ದರೆ ಮಾತ್ರ ಬರುತ್ತಾನೆ. ಸೈಬರ್ ಅಪರಾಧದ ಸಹಾಯವಾಣಿ 1930.

ನಾನು ಓದಿದ್ದು ಏಳನೇ ಕ್ಲಾಸು. ಪುಸ್ತಕ ತಂದು ಮಗಳ ಬ್ಯಾಗಿಗೆ ಹಾಕಿಬಿಟ್ಟೆ. ಓದಿದವಳೇ ಬಂದು ‘ಅಮ್ಮ, ನೀನೂ ಅಪ್ಪನೂ ಹಿಂಗೇ ಮಾಡಿದ್ರಾ’ ಅಂದಳು. ಗದರಿಬಿಟ್ಟೆ. ಆಮೇಲಿಂದ ಅವಳು ಏನೂ ಕೇಳಲ್ಲ. ನಾನು ಮೊದಲೇ ಓದಬೇಕಿತ್ತಾ?
ತಾಯಿ, ಕೆ.ಆರ್. ಪೇಟೆ

ಓದಬೇಕಿತ್ತು, ಈಗಲೂ ಓದಬಹುದು. ದಿನಕ್ಕೆ ನಾಲ್ಕು ಪುಟ, ಅಡುಗೆಮನೆಯಲ್ಲಿ ಒಬ್ಬರೇ ಇದ್ದಾಗ ಗಟ್ಟಿಯಾಗಿ. ಕಣ್ಣಿಗಿಂತ ಬಾಯಿಗೆ ಆ ಪದಗಳು ರೂಢಿಯಾಗಬೇಕು. ‘ಯೋನಿ’ ಎಂಬ ಪದವನ್ನು ಹತ್ತು ಸಲ ಆಡಿದ ಮೇಲೆ ಅದು ‘ಮೊಣಕೈ’ ಎಂದಷ್ಟೇ ಸಲೀಸಾಗುತ್ತದೆ. ಅರ್ಥವಾಗದ ಸಾಲಿಗೆ ಗುರುತು ಹಾಕಿ ಆಶಾ ಕಾರ್ಯಕರ್ತೆಯನ್ನು ಕೇಳಿ. ಪೋಷಕರಿಗೆಂದೇ ಬರೆದ ದಪ್ಪ ಪುಸ್ತಕ ನಿಮಗೆ ಬೇಡ, ಮಗಳ ಪುಸ್ತಕವೇ ಸಾಕು. ಅವಳು ಎಲ್ಲಿಂದ ಪ್ರಶ್ನೆ ಎತ್ತುತ್ತಾಳೆ ಎಂಬುದು ಅದರಲ್ಲೇ ಗೊತ್ತಾಗುತ್ತದೆ.

ಗದರಿದ್ದನ್ನು ಸರಿಪಡಿಸಲು ಎದುರು ಕೂರಿಸಿಕೊಂಡು ಭಾಷಣ ಮಾಡಬೇಡಿ. ಅವರೆಕಾಯಿ ಬಿಡಿಸುವಾಗಲೋ ಬಟ್ಟೆ ಮಡಿಸುವಾಗಲೋ, ಇಬ್ಬರ ಕಣ್ಣೂ ಕೆಲಸದ ಮೇಲಿರುವಾಗ, ನೀವೇ ಶುರು ಮಾಡಿ: ‘ಅವತ್ತು ನೀನು ಕೇಳಿದ್ದು ತಪ್ಪಲ್ಲ ಕಣವ್ವ, ನನಗೆ ನಾಚಿಕೆ ಆಯ್ತು, ಅದಕ್ಕೆ ಗದರಿದೆ. ಹೂಂ, ಎಲ್ಲ ಮಕ್ಕಳೂ ಹುಟ್ಟೋದು ಹಂಗೇ, ನೀನೂ ಹಂಗೇ ಹುಟ್ಟಿದ್ದು. ನಮ್ಮಿಬ್ಬರ ವಿಷಯ ನಮ್ಮಿಬ್ಬರದು, ಅದನ್ನ ಬಿಟ್ಟು ಬೇರೆ ಏನು ಬೇಕಾದ್ರೂ ಕೇಳು.’ ಇಷ್ಟೇ. ಅವಳು ಕೂಡಲೇ ಏನೂ ಕೇಳದಿರಬಹುದು, ಕಾಯಿ ಬಿಡಿಸುತ್ತಾ ಸುಮ್ಮನೆ ಕುಳಿತಿರಿ.